ಎಡಗಣ್ಣು ಮುಚ್ಚಿ ನೋಡುವವನು

ನನ್ನ ಎಡಗಣ್ಣು ಯಾವಾಗ ಹೋಯಿತೆಂದು ನನಗೆ ಗೊತ್ತಿಲ್ಲ. ಹೀಗೆಂದರೆ ಜನ ನಗುತ್ತಾರೆ. ಬೆರಳಿಗೆ ಒಂದು ಸಿಬಿರು ಚುಚ್ಚಿದರೆ ಮೂರು ದಿನ ಮುಖ ಸಿಂಡರಿಸಿಕೊಂಡು ಓಡಾಡುವ ಮನುಷ್ಯನಿಗೆ ಇಡೀ ಕಣ್ಣು ಹೋದದ್ದು ತಿಳಿಯಲಿಲ್ಲವೇ ಎಂದು ನನ್ನ ಹೆಂಡತಿಯೂ ಕೇಳಿದ್ದಾಳೆ. ಆದರೆ ಬಡಗಿಗೆ ಎಡಗಣ್ಣು ಇರುವುದೇ ಮುಚ್ಚಿಕೊಳ್ಳುವುದಕ್ಕೆ. ಹಲಗೆಯ ಒಂದು ತುದಿಯನ್ನು ಮೂಗಿನ ಮಟ್ಟಕ್ಕೆ ಎತ್ತಿ, ಎಡಗಣ್ಣು ಮುಚ್ಚಿ, ಬಲಗಣ್ಣನ್ನು ಅಂಚಿನುದ್ದಕ್ಕೂ ಓಡಿಸಿದರೆ ಸಾಕು, ಅದು ನೆಟ್ಟಗಿದೆಯೋ ಇಲ್ಲವೋ ಗೊತ್ತಾಗಿಬಿಡುತ್ತದೆ. ಮೂವತ್ತನಾಲ್ಕು ವರ್ಷ ದಿನಕ್ಕೆ ನೂರು ಸಲ ನಾನು ಮುಚ್ಚಿದ ಕಣ್ಣು ಕೊನೆಗೊಂದು ದಿನ ತಾನಾಗಿಯೇ ಮುಚ್ಚಿಕೊಂಡಿತು. ನಾನು ವಿಚಾರಿಸಲೂ ಇಲ್ಲ.

ಡಾಕ್ಟರಮ್ಮ ಅದಕ್ಕೆ ಗ್ಲಾಕೋಮಾ ಎಂದು ಹೆಸರು ಹೇಳಿದರು. "ಕಣ್ಣೊಳಗಿನ ನೀರು ಹೊರಗೆ ಹೋಗೋ ದಾರಿ ಕಟ್ಕೊಂಡಿದೆ. ಒತ್ತಡ ಏರಿ ಏರಿ ನರ ಸತ್ತುಹೋಗಿದೆ. ಎಡಗಣ್ಣಿಗೆ ಇನ್ನೇನೂ ಮಾಡೋಕಾಗಲ್ಲ. ಬಲಗಣ್ಣಾದ್ರೂ ಉಳಿಸ್ಕೋಬೇಕು ಅಂದ್ರೆ ಆಪರೇಷನ್ ಮಾಡಿ ನೀರಿಗೆ ಬೇರೆ ದಾರಿ ಮಾಡ್ಕೊಡ್ಬೇಕು," ಎಂದರು. ನಾನು ಬಾಯಿ ತೆರೆಯುವ ಮೊದಲೇ ನನ್ನ ಹಿಂದೆ ನಿಂತಿದ್ದ ಗೆಳೆಯ ಮೊಳೆ "ಮಾಡಿ ಮೇಡಂ" ಎಂದ. ಕಣ್ಣು ನನ್ನದು, ಒಪ್ಪಿಗೆ ಅವನದು.

ಮೊಳೆ ನನ್ನ ಜೊತೆಗಾರ. ಕಡ್ಡಿಯಂಥ ಮೈ, ಅದರ ಮೇಲೊಂದು ಅಗಲವಾದ ತಲೆ. ನಾವಿಬ್ಬರೂ ಕೆಲಸ ಕಲಿತ ಮೇಸ್ತ್ರಿ ಮೊದಲ ದಿನವೇ ಅವನಿಗೆ ಆ ಹೆಸರಿಟ್ಟರು, ಅದು ಹಾಗೇ ಅಂಟಿಕೊಂಡಿತು. ಮದುವೆ ಅಂತ ಆಗಲಿಲ್ಲ. ಮಾತು ಕಮ್ಮಿ. ಕಮ್ಮಿ ಎಂದರೆ ಎಷ್ಟು ಕಮ್ಮಿ ಎಂದರೆ, ಒಮ್ಮೆ ನಮ್ಮ ಕೆಲಸದ ಷೆಡ್ಡಿನ ಮೂಲೆಯಲ್ಲಿ ಮರದ ಸಿಪ್ಪೆಗೆ ಬೆಂಕಿ ಹತ್ತಿಕೊಂಡಾಗ ಅವನು ನನ್ನ ಭುಜ ತಟ್ಟಿ ಆ ಕಡೆ ಬೆರಳು ತೋರಿಸಿದ್ದ, ಅಷ್ಟೆ. ಮಧ್ಯಾಹ್ನ ನನ್ನ ಹೆಂಡತಿ ಕಟ್ಟಿಕೊಟ್ಟ ಡಬ್ಬಿಯಲ್ಲಿ ಇಬ್ಬರೂ ಉಣ್ಣುತ್ತಿದ್ದೆವು. ಅವಳನ್ನು ಅತ್ತಿಗೆ ಎನ್ನುತ್ತಿದ್ದ, ಅವಳು ಅವನಿಗಾಗಿ ದೊಡ್ಡ ಡಬ್ಬಿ ಕಟ್ಟುತ್ತಿದ್ದಳು. ನನಗೆ ಸಿಗದ ಮರ್ಯಾದೆ ಅವನಿಗೆ ಸಿಗುತ್ತಿತ್ತು ಎಂದು ಸುಳ್ಳು ಹೇಳುವುದಿಲ್ಲ, ಆದರೆ ಒಳ್ಳೆಯ ತುತ್ತೆಲ್ಲ ಅವನ ಪಾಲಿಗೇ ಹೋಗುತ್ತಿತ್ತು.

ನಮ್ಮ ಕೆಲಸಕ್ಕೊಂದು ಪದ್ಧತಿ ಇತ್ತು. ಗೆರೆ ಹಾಕುವುದು ನಾನು, ಗರಗಸ ಇಬ್ಬರೂ, ತೋಪಡ ಹಿಡಿಯುವುದು ಅವನು. ಮರ ನಯಮಾಡುವ ಆ ತೋಪಡ ಅವನ ಕೈಗೆ ಹೋದರೆ ಸಾಕು, ಅದರ ಬಾಯಿಂದ ಸಿಪ್ಪೆ ಸುರುಳಿ ಸುರುಳಿಯಾಗಿ ಹೊರಗೆ ಬೀಳುತ್ತಿತ್ತು, ಒಂದು ಸಲವೂ ತುಂಡಾಗದೆ. ಆಮೇಲೆ ಹಲಗೆ ಎತ್ತಿ ನನ್ನ ಮುಂದೆ ಹಿಡಿಯುತ್ತಿದ್ದ. ನಾನು ಎಡಗಣ್ಣು ಮುಚ್ಚಿ ನೋಡುತ್ತಿದ್ದೆ. ತಲೆ ಆಡಿಸಿದರೆ ಮುಗಿಯಿತು, ಹುಬ್ಬು ಗಂಟಿಕ್ಕಿದರೆ ಇನ್ನೆರಡು ಸಲ ಹೆರೆಯುತ್ತಿದ್ದ. ನಾನು ನೋಡದ ಹಲಗೆ ನಮ್ಮ ಷೆಡ್ಡಿನಿಂದ ಆಚೆ ಹೋದದ್ದೇ ಇಲ್ಲ.

ಆಪರೇಷನ್ ಚೆನ್ನಾಗಿಯೇ ಆಯಿತು. ಬಗ್ಗಬೇಡಿ, ಭಾರ ಎತ್ತಬೇಡಿ, ಕಣ್ಣುಜ್ಜಬೇಡಿ ಎಂದರು. ಒಂದು ತಿಂಗಳ ತಪಾಸಣೆಯಲ್ಲಿ ಡಾಕ್ಟರಮ್ಮ ಒತ್ತಡ ಅಳೆದು, "ಸ್ವಲ್ಪ ಕಮ್ಮಿನೇ ಇದೆ. ಸದ್ಯಕ್ಕೆ ಪರವಾಗಿಲ್ಲ. ಇನ್ನು ಹದಿನೈದು ದಿನಕ್ಕೆ ತಪ್ಪದೆ ಬನ್ನಿ. ಅದರೊಳಗೆ ಏನಾದ್ರೂ ಸೊಟ್ಟಗೆ ಕಾಣಿಸಿದ್ರೆ ಅವತ್ತೇ ಬಂದ್ಬಿಡಿ," ಎಂದರು.

"ಮೇಡಂ, ನನ್ನ ಕೆಲಸವೇ ಸೊಟ್ಟ ಹುಡುಕೋದು. ದಿನಾ ಬರ್ಬೇಕಾಗತ್ತೆ," ಎಂದೆ. ಅವರು ನಕ್ಕರು, ಹೆಂಡತಿ ನಗಲಿಲ್ಲ, ನಾನು ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡು ಮನೆಗೆ ಬಂದೆ.

ಆ ವಾರದಲ್ಲೇ ಮಲಗುವ ಕೋಣೆಯ ಕಿಟಕಿ ಸರಳುಗಳು ನಡುವೆ ಒಂಚೂರು ಬಳುಕಿದ ಹಾಗೆ ಕಂಡವು. ಈ ಮನೆ ಕಟ್ಟಿದ ಮೇಸ್ತ್ರಿಗೆ ತೂಗುಗುಂಡು ಹಿಡಿಯಲು ಬರುವುದಿಲ್ಲ ಎಂದು ನಾನು ಮೊದಲಿನಿಂದಲೂ ಹೇಳುತ್ತಿದ್ದೆ. ಈಗ ಪುರಾವೆ ಸಿಕ್ಕಿತೆಂದು ಹೆಂಡತಿಯನ್ನು ಕರೆದು ತೋರಿಸಿದೆ. ಅವಳು ನೋಡಿ, "ಮನೇಲಿ ಕೂತು ಕೂತು ನಿಮಗೆ ಹುಚ್ಚು ಹಿಡಿದಿದೆ, ನಾಳೆಯಿಂದ ಷೆಡ್ಡಿಗೆ ಹೋಗಿ ಕೂತ್ಕೊಳ್ಳಿ," ಎಂದಳು. ನಾನೂ ಅದಕ್ಕೇ ಕಾಯುತ್ತಿದ್ದೆ.

ಷೆಡ್ಡಿನಲ್ಲಿ ಮೊಳೆ ಒಬ್ಬನೇ ದೊಡ್ಡ ಕೆಲಸ ಹಿಡಿದುಕೊಂಡಿದ್ದ. ಹೊಸ ಗ್ರಂಥಾಲಯಕ್ಕೆ ಓದುವ ಮೇಜುಗಳು, ಎಂಟಡಿ ಉದ್ದದವು. ಎರಡೆರಡು ಮೇಜು ಪಕ್ಕಪಕ್ಕ ಕೂಡಿಸಿದರೆ ಒಂದೇ ಆಗಿ ಕಾಣಬೇಕು ಎಂದು ಗ್ರಂಥಪಾಲಕಿ ಹೇಳಿದ್ದರಂತೆ. ಅಂದರೆ ಅಂಚು ದಾರದ ಹಾಗೆ ಇರಬೇಕು. ಮೊಳೆ ನನ್ನನ್ನು ನೋಡಿ ಸ್ಟೂಲಿನ ಮೇಲಿನ ಹೊಟ್ಟನ್ನು ತನ್ನ ಟವಲಿನಿಂದ ಒರೆಸಿ ಮುಂದಿಟ್ಟ. ನಾಲ್ಕು ಹಲಗೆ ತಯಾರಿದ್ದವು, ನನ್ನ ನೋಟ ಬೀಳಲೆಂದು ಕಾದಿದ್ದವು. ಮೊದಲನೆಯದನ್ನು ಎತ್ತಿ ಹಿಡಿದ.

ನಡುವೆ ಅಲೆ ಎದ್ದಿತ್ತು.

"ಇದೇನೋ ಇದು?" ಎಂದೆ. ಅವನು ಹಲಗೆ ತಿರುಗಿಸಿ ಬೆರಳು ಸವರಿದ. ಮತ್ತೆ ಹೆರೆದು ತಂದ. ಮತ್ತೆ ಅದೇ. ಎರಡನೆಯ ಹಲಗೆ, ಅದೂ ಹಾಗೇ. ನಾಲ್ಕೂ ಹಾಗೇ. ಅವನು ಹೋಗಿ ಗೋಡೆಯ ಮೇಲಿನ ಉಕ್ಕಿನ ಅಳತೆಪಟ್ಟಿ ತಂದು ಅಂಚಿನ ಮೇಲಿಟ್ಟು ನನ್ನ ಮುಖ ನೋಡಿದ. ಪಟ್ಟಿಯೂ ಬಳುಕಿತ್ತು.

"ನೂರು ಸಲ ಕೆಳಗೆ ಬೀಳಿಸಿದ್ದೀಯ, ಸೊಟ್ಟಗಾಗದೆ ಏನಾಗತ್ತೆ?" ಎಂದೆ. ಉಕ್ಕಿನ ಪಟ್ಟಿ ಬಿದ್ದರೆ ಬಗ್ಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಅಂದೆ. ಮರ ಸುಳ್ಳಾಡಬಹುದು, ಉಕ್ಕು ಸುಳ್ಳಾಡಬಹುದು, ಮೊಳೆಯ ಕೈ ಸುಳ್ಳಾಡಬಹುದು, ನನ್ನ ಬಲಗಣ್ಣು ಮಾತ್ರ ಸುಳ್ಳಾಡುವುದಿಲ್ಲ ಎಂಬ ನಂಬಿಕೆಯ ಮೇಲೆ ನಾನು ಮನೆ ಕಟ್ಟಿದ್ದೆ, ಮದುವೆ ಮಾಡಿಕೊಂಡಿದ್ದೆ. ಬೇರೆಯವರಿಗಾದರೆ ಇನ್ನೊಂದು ಕಣ್ಣಿನಿಂದ ನೋಡಿ ಹೋಲಿಸಿಕೊಳ್ಳಬಹುದಿತ್ತು. ನನಗೆ ಅದೂ ಇರಲಿಲ್ಲ.

ನನ್ನ ಪಿತ್ತ ನೆತ್ತಿಗೇರಿತು. ಬಗ್ಗಬಾರದು ಎಂದಿದ್ದನ್ನೂ ಮರೆತು ಅವನ ಕೈಯಿಂದ ತೋಪಡ ಕಿತ್ತುಕೊಂಡು ನಾನೇ ಹೆರೆಯತೊಡಗಿದೆ. ಅವನು ಪಕ್ಕದಲ್ಲಿ ನಿಂತು ನೋಡುತ್ತಲೇ ಇದ್ದ. ಒಂದು ಸಲ ಬಾಯಿ ತೆರೆದ, ಮತ್ತೆ ಮುಚ್ಚಿದ. ಆ ಮೌನ ನನ್ನನ್ನು ಇನ್ನಷ್ಟು ಕೆರಳಿಸಿತು.

"ನಿನ್ನ ಕೈಗೆ ವಯಸ್ಸಾಯ್ತು. ನಾನು ಐದು ವಾರ ಇಲ್ಲ ಅಂದಿದ್ದಕ್ಕೆ ಹಿಂಗಾ? ಕಣ್ಮುಚ್ಕೊಂಡು ಹೆರೆದ್ರೂ ಇದಕ್ಕಿಂತ ಚೆನ್ನಾಗಿರ್ತಿತ್ತು. ನಾಳೆಯಿಂದ ಬರ್ಬೇಡ," ಎಂದೆ.

ಬಾಯಿಗೆ ಬಂದದ್ದು ಬಂದುಹೋಯಿತು. ಮೊಳೆ ಕೈಕಾಲು ತೊಳೆದುಕೊಂಡ, ಅಂಗಿ ಹಾಕಿಕೊಂಡ, ಬಾಗಿಲ ತನಕ ಹೋಗಿ ತಿರುಗಿ ಬಂದು ತನ್ನ ತೋಪಡ ಎತ್ತಿಕೊಂಡ. ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿದ. ಅವನ ಮುಖದ ನಡುವೆಯೂ ಏನೋ ಅಲುಗಿದಂತಿತ್ತು, ಸಿಟ್ಟಿಗೆ ಮುಖ ಹಾಗಾಗಿದೆ ಎಂದುಕೊಂಡೆ. ಮಾರನೆಯ ದಿನ ಅವನು ಬರಲಿಲ್ಲ, ಅದರ ಮಾರನೆಯ ದಿನವೂ ಇಲ್ಲ.

ಅವನಿಲ್ಲದೆ ಆ ಕೆಲಸ ಮುಗಿಸಲು ನನಗೆ ಎರಡೂವರೆ ತಿಂಗಳು ಹಿಡಿಯಿತು. ಹದಿನೈದು ದಿನದ ತಪಾಸಣೆ ತಪ್ಪಿಸಿಕೊಂಡೆ. ಅದರ ಮುಂದಿನದನ್ನೂ ತಪ್ಪಿಸಿಕೊಂಡೆ. ಹೆಂಡತಿ ಕೇಳಿದರೆ ಕೆಲಸ ಇದೆ ಎಂದೆ, ಮತ್ತೆ ಕೇಳಿದರೆ ರೇಗಿದೆ. ನನ್ನ ಕಣ್ಣಿಗೆ ಎಲ್ಲ ಅಂಚೂ ನೆಟ್ಟಗೆ ಕಾಣುವ ತನಕ ಹೆರೆದೆ. ಸಿಪ್ಪೆ ಎರಡೆರಡು ಬೆರಳಿಗೆ ತುಂಡಾಗಿ ಬೀಳುತ್ತಿತ್ತು. ಮಧ್ಯಾಹ್ನ ಅರ್ಧ ಡಬ್ಬಿ ಹಾಗೇ ಉಳಿಯುತ್ತಿತ್ತು, ಅದನ್ನು ಮನೆಗೆ ತಂದು ಹೆಂಡತಿಯ ಕಣ್ಣು ತಪ್ಪಿಸಿ ಹೊರಗೆ ಚೆಲ್ಲುತ್ತಿದ್ದೆ. ಚಿಕ್ಕ ಡಬ್ಬಿ ಕಟ್ಟು ಎನ್ನಲು ನನಗೆ ನಾಲಿಗೆ ಏಳಲಿಲ್ಲ. ಅವಳೂ ಕಟ್ಟಲಿಲ್ಲ.

ಮೇಜುಗಳು ಗ್ರಂಥಾಲಯಕ್ಕೆ ಹೋದವು. ಅಲ್ಲಿನ ಜವಾನನೂ ನಾನೂ ಎರಡನ್ನು ಪಕ್ಕಪಕ್ಕ ಕೂಡಿಸಿದೆವು. ನಾನು ನಿಂತು ನೋಡಿದೆ, ಸೊಗಸಾಗಿ ಕೂಡಿದ್ದವು. ಗ್ರಂಥಪಾಲಕಿ ಕನ್ನಡಕ ಸರಿಮಾಡಿಕೊಂಡು, "ಅಲ್ಲಾ, ನಡುವೆ ಪುಸ್ತಕವೇ ತೂರಿ ಹೋಗತ್ತಲ್ಲ?" ಎಂದರು.

"ನಿಮ್ಮ ನೆಲ ಸರಿಯಿಲ್ಲಮ್ಮ," ಎಂದೆ.

"ಇಲ್ಲಿ ಕೈಯಿಟ್ಟು ನೋಡಿ," ಎಂದು ಅವರೇ ನನ್ನ ಕೈ ಹಿಡಿದು ಅಂಚಿಗೆ ತಂದರು. ಎರಡು ಬೆರಳು ಸಲೀಸಾಗಿ ಒಳಗಿಳಿದವು. ಕಣ್ಣು ಕೂಡಿದೆ ಎನ್ನುತ್ತಿದೆ, ಬೆರಳು ಸಂದಿನಲ್ಲಿದೆ. ಬೆರಳುಗಳಿಗೆ ನನ್ನ ಮೇಲೆ ಯಾವ ಹಗೆಯೂ ಇರಲಿಲ್ಲ, ಅವು ಯಾಕೆ ಸುಳ್ಳು ಹೇಳಬೇಕು? ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಒಲೆ ಆರಿಸಿ, ಸೀರೆ ಕೂಡ ಬದಲಾಯಿಸದೆ ನನ್ನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದಳು.

ಡಾಕ್ಟರಮ್ಮ ಒತ್ತಡ ಅಳೆದರು. ಇನ್ನೊಮ್ಮೆ ಅಳೆದರು. ಆಮೇಲೆ ಚೌಕಳಿ ಗೆರೆಗಳಿದ್ದ ಒಂದು ಕಾಗದ ಕೈಗೆ ಕೊಟ್ಟು, ನಡುವಿನ ಚುಕ್ಕೆ ನೋಡಿ, ಗೆರೆಗಳು ಹೇಗಿವೆ ಹೇಳಿ ಎಂದರು. ಗೆರೆಗಳು ಚುಕ್ಕೆಯ ಸುತ್ತ ತೊಳೆದು ಹಿಂಡಿದ ಬಟ್ಟೆಯ ಹಾಗೆ ಮುದುಡಿದ್ದವು.

"ಇದನ್ನ ಎಳೆದವರು ಯಾರು ಮೇಡಂ? ಅವರಿಗೆ ಕೆಲಸ ಬರಲ್ಲ," ಎಂದೆ.

ಅವರು ನಗುತ್ತಾರೆ ಎಂದುಕೊಂಡೆ. ಕಾಗದವನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡರು. "ಗೆರೆಗಳು ನೆಟ್ಟಗೇ ಇವೆ. ನಾವು ಮಾಡಿದ ದಾರಿಯಲ್ಲಿ ನೀರು ಜಾಸ್ತಿ ಹೊರಗೆ ಹೋಗಿ ನಿಮ್ಮ ಕಣ್ಣು ಮೆತ್ತಗಾಗಿದೆ. ಅದಕ್ಕೇ ಹಿಂದಿನ ಪರದೆ, ರೆಟಿನಾ ಅಂತೀವಲ್ಲ, ಅದು ಸುಕ್ಕುಗಟ್ಟಿದೆ. ಯಾವಾಗಿಂದ ಹೀಗೆ ಕಾಣ್ತಿದೆ?"

"ಕಳೆದ ಸಲ ಇಲ್ಲಿಗೆ ಬಂದು ಹೋದ ವಾರದಿಂದ."

"ಅಂದ್ರೆ ಮೂರು ತಿಂಗಳು? ನಾನು ಹೇಳಿದ್ದೆನಲ್ಲ, ಸೊಟ್ಟಗೆ ಕಂಡ್ರೆ ಅವತ್ತೇ ಬನ್ನಿ ಅಂತ?"

"ಮರ ಸೊಟ್ಟಗಿದೆ ಅಂದ್ಕೊಂಡೆ ಮೇಡಂ," ಎಂದೆ. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು.

ಮತ್ತೆ ಒಳಗೆ ಕರೆದುಕೊಂಡು ಹೋಗಿ ಹೊಲಿಗೆ ಹಾಕಿ ದಾರಿ ಕಿರಿದು ಮಾಡಿದರು. ಒತ್ತಡ ಸರಿಹೋಯಿತು. ಸುಕ್ಕು ಹೋಗಲಿಲ್ಲ. ಅಂಚುಗಳಲ್ಲಿ ಸ್ವಲ್ಪ ಬಿಟ್ಟಿದೆ, ನಡುವೆ ಹಾಗೇ ಉಳಿದಿದೆ, ಮೊದಲ ವಾರಗಳಲ್ಲೇ ಬಂದಿದ್ದರೆ ಬಹುಶಃ ಪೂರ್ತಿ ಬಿಡುತ್ತಿತ್ತು ಎಂದು ಡಾಕ್ಟರಮ್ಮ ಹೇಳಿದರು. ಅವರ ದನಿಯಲ್ಲಿ ಗದರಿಕೆ ಇರಲಿಲ್ಲ. ಗದರಿದ್ದರೆ ಚೆನ್ನಾಗಿತ್ತು, ತಿರುಗಿ ಏನಾದರೂ ಅನ್ನಬಹುದಿತ್ತು.

ಕಣ್ಣಿಗಾಗಿ ನಾನು ಅಳಲಿಲ್ಲ. ನಿಜವಾಗಿ ಹೇಳುತ್ತೇನೆ, ನನಗೆ ಬೇಕಾಗಿದ್ದವನು ಮೊಳೆ. ಮಲಗಿದಲ್ಲಿ ತೋಪಡದ ಸದ್ದು ಕೇಳಿದಂತಾಗುತ್ತಿತ್ತು. ಸುರ್ರೆಂದು ಹೋಗಿ ತುದಿಯಲ್ಲಿ ಒಂದು ಕ್ಷಣ ನಿಲ್ಲುವ ಆ ಸದ್ದು ಅವನದೊಂದೇ, ಬೇರೆ ಯಾರ ಕೈಯಿಂದಲೂ ಹಾಗೆ ಬರುವುದಿಲ್ಲ. ಅವನ ಟವಲಿನ ಬೆವರು ವಾಸನೆಗೂ ನಾನು ಹಂಬಲಿಸಿದೆ. ಹೆಂಡತಿ ಎದುರಿಗಿದ್ದಾಳೆ, ಮಗಳು ವಾರಕ್ಕೆ ಎರಡು ಸಲ ಬಂದು ಹೋಗುತ್ತಾಳೆ, ಆದರೂ ಮನೆ ಬಿಕೋ ಎನ್ನುತ್ತಿತ್ತು. ಮೂವತ್ತನಾಲ್ಕು ವರ್ಷ ಒಬ್ಬನ ಎದುರಿಗೆ ನಿಂತು ಹಲಗೆಯ ಇನ್ನೊಂದು ತುದಿ ಹಿಡಿದವನಿಗೆ ಆ ತುದಿಯಲ್ಲಿ ಯಾರೂ ಇಲ್ಲದಿದ್ದರೆ ಹೇಗಿರುತ್ತದೆ ಎಂದು ಯಾರಿಗೆ ಹೇಳಲಿ? ಹೆಂಡತಿಗೆ ಹೇಳಿದರೆ ಅವಳಿಗೆ ಹೊಟ್ಟೆಕಿಚ್ಚಾದರೂ ಆದೀತು.

ಅವಳಿಗೆ ಹೇಳದೆಯೂ ಗೊತ್ತಾಗಿತ್ತು. ಮೊಳೆ ಊರಿನ ಆಚೆ ಬದಿಯಲ್ಲಿರುವ ತನ್ನ ಅಕ್ಕನ ಮನೆ ಸೇರಿದ್ದ. ನನ್ನ ಹೆಂಡತಿ ಆ ಅಕ್ಕನಿಗೆ ಫೋನು ಮಾಡಿ ಕಣ್ಣಿನ ಕಥೆಯನ್ನೆಲ್ಲ ಹೇಳಿದ್ದಳು. ಅದು ತಿಳಿದಾಗ ನಾನು ಮೇಲೆ ಮೇಲೆ ಸಿಡುಕಿದೆ, ಒಳಗೆ ಕಾಯತೊಡಗಿದೆ. ಈಗಲಾದರೂ ಬಂದಾನು. ತಪ್ಪು ಅವನದಲ್ಲ, ನನ್ನ ಕಣ್ಣಿನದು ಎಂದು ಗೊತ್ತಾಗಿದೆಯಲ್ಲ. ಹೊರಗೆ ಗೇಟು ಕಿರುಗುಟ್ಟಿದರೆ ಕತ್ತು ತಿರುಗಿಸುತ್ತಿದ್ದೆ. ವಾರ ಕಳೆಯಿತು, ಎರಡು ವಾರ ಕಳೆಯಿತು. ಅವನು ಬರಲಿಲ್ಲ. ಅಂದರೆ ಕ್ಷಮಿಸಿಲ್ಲ.

"ನೀವೇ ಹೋಗ್ರೀ," ಎಂದಳು ಹೆಂಡತಿ. "ಕಳಿಸಿದ್ದು ನೀವು. ಕರೆಯೋಳು ನಾನಾ?"

ಬಸ್ಸಿನಲ್ಲಿ ನನ್ನನ್ನು ಕೂರಿಸಿ, ಎಲ್ಲಿ ಇಳಿಸಬೇಕೆಂದು ಕಂಡಕ್ಟರನಿಗೆ ಎರಡು ಸಲ ಹೇಳಿ ಕಳಿಸಿದಳು. ಮೊಳೆ ಈಗ ಪೀಠೋಪಕರಣದ ದೊಡ್ಡ ಕಾರ್ಖಾನೆಯೊಂದರಲ್ಲಿದ್ದ. ಅಲ್ಲಿ ಮರ ಒಂದು ಕಡೆ ಯಂತ್ರದ ಬಾಯಿಗೆ ಹೋಗಿ ಇನ್ನೊಂದು ಕಡೆ ನಯವಾಗಿ ಹೊರಗೆ ಬರುತ್ತದೆ, ಅವನ ಕೆಲಸ ಹೊರಗೆ ಬಂದದ್ದನ್ನು ಎತ್ತಿ ಒಟ್ಟುವುದು. ಕಾವಲಿನವನು ಊಟದ ಗಂಟೆಯ ತನಕ ಕೂರಿ ಎಂದು ಗೋಡೆ ಬದಿಯ ಬೆಂಚು ತೋರಿಸಿದ. ನಾನು ಅಭ್ಯಾಸಬಲದಿಂದ ಬೆಂಚಿನ ಅಂಚು ನೋಡಿದೆ, ಅದೂ ಬಳುಕಿತ್ತು. ಈ ಸಲ ಮಾಡಿದವನನ್ನು ಬೈಯಲಿಲ್ಲ.

ಗಂಟೆ ಬಾರಿಸಿತು. ಜನ ಹೊರಗೆ ಬಂದರು. ಅಷ್ಟು ಜನರ ನಡುವೆ ಅವನ ನಡಿಗೆ ಗುರುತು ಹಿಡಿದೆ. ಬಂದು ಪಕ್ಕದಲ್ಲಿ ಕುಳಿತ. ಅವನಿಗೆ ಹೇಳಬೇಕಾದ್ದನ್ನೆಲ್ಲ ಬಸ್ಸಿನಲ್ಲಿ ಸಾಲಾಗಿ ಜೋಡಿಸಿಕೊಂಡು ಬಂದಿದ್ದೆ. ಬಾಯಿ ತೆರೆದರೆ ಒಂದೂ ಇಲ್ಲ.

"ತಪ್ಪಾಯ್ತು ಕಣೋ. ನಿನ್ನ ಹಲಗೆ ನೆಟ್ಟಗಿತ್ತು. ವಾಪಸ್ ಬಾ," ಎಂದೆ.

ಒಳಗೆ ಯಂತ್ರ ನಿಂತಿತ್ತು, ಯಾರೋ ನಲ್ಲಿಯಲ್ಲಿ ಡಬ್ಬಿ ತೊಳೆಯುತ್ತಿದ್ದರು.

"ನನಗೆ ಅವತ್ತೇ ಗೊತ್ತಾಯ್ತು," ಎಂದ ಮೊಳೆ.

"ಏನು?"

"ಪಟ್ಟಿ ಸೊಟ್ಟ ಅಂದ್ಯಲ್ಲ, ಆಗ. ಕಣ್ಣಿಗೆ ಏನೋ ಆಗಿದೆ ಅಂತ ಗೊತ್ತಾಯ್ತು. ಹೇಳೋಣ ಅಂತ ಬಾಯಿ ತೆಗೆದೆ. ಆಗ್ಲಿಲ್ಲ. ನಿನ್ನ ಕಣ್ಣು ಹೋಗಿದೆ ಅಂತ ನಿನಗೆ ಹೆಂಗೆ ಹೇಳ್ಲಿ? ನೀನೇ ತಿಳ್ಕೊಂಡು ಆಸ್ಪತ್ರೆಗೆ ಹೋಗ್ತೀಯ ಅಂದ್ಕೊಂಡೆ. ಮೂರು ತಿಂಗಳು ಅಂದ್ಕೊಂಡೇ ಇದ್ದೆ. ಆಮೇಲೆ ಅತ್ತಿಗೆ ನಮ್ಮಕ್ಕಂಗೆ ಫೋನ್ ಮಾಡಿದ್ರು. ಬೇಗ ಬಂದಿದ್ರೆ ಸರಿಹೋಗ್ತಿತ್ತಂತೆ ಅಂದ್ರು."

ಅವನು ಒಟ್ಟಿಗೆ ಇಷ್ಟು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ನನಗೆ ಸಿಟ್ಟು ಬರಬೇಕಿತ್ತು. ಹುಡುಕಿದೆ, ಸಿಗಲಿಲ್ಲ. ನಾನು ಓಡಿಸಿದ್ದಕ್ಕೆ ಮುನಿಸಿಕೊಂಡಿದ್ದಾನೆ ಎಂದು ನಾನು ಇತ್ತ ಕೊರಗುತ್ತಿದ್ದಾಗ, ಇವನು ಅತ್ತ ನನ್ನ ಕಣ್ಣನ್ನು ತಾನೇ ಕಿತ್ತವನ ಹಾಗೆ ಮುಖ ಮರೆಸಿಕೊಂಡು ಕುಳಿತಿದ್ದ.

"ನೀನು ಹೇಳಿದ್ರೆ ನಾನು ಕೇಳ್ತಿದ್ನಾ? ಇನ್ನೂ ನಾಲ್ಕು ಬೈತಿದ್ದೆ," ಎಂದೆ. "ಅದೆಲ್ಲ ಬಿಡು. ಬಾ. ಇನ್ಮೇಲೆ ನೀನೇ ನೋಡು, ನೀನು ಸರಿ ಅಂದಿದ್ದೇ ಸರಿ."

"ನನಗೆ ನೋಡೋಕೆ ಬರಲ್ಲ ಕಣೋ."

"ಮೂವತ್ತನಾಲ್ಕು ವರ್ಷ ಹೆರೆದವನಿಗೆ ನೋಡೋಕೆ ಬರಲ್ವಾ?"

"ನಾನು ಯಾವತ್ತು ಹಲಗೆ ನೋಡಿದ್ದೆ? ಹಿಡ್ಕೊಂಡು ನಿಂತು ನಿನ್ನ ಮುಖ ನೋಡ್ತಿದ್ದೆ. ನಿನ್ನ ಮುಖ ಸಡಿಲ ಆದ್ರೆ ನೆಟ್ಟಗಿದೆ ಅಂತ. ಅಷ್ಟೇ ನನಗೆ ಗೊತ್ತಿದ್ದಿದ್ದು."

ನಾನು ಅವನ ಕಡೆ ತಿರುಗಿದೆ. ಎಡಗಣ್ಣು ಮುಚ್ಚುವ ಅಗತ್ಯವೂ ಇರಲಿಲ್ಲ. ಆ ಅಗಲವಾದ ತಲೆ ಕಂಡಿತು, ಕಿವಿಗಳು ಕಂಡವು, ಅಂಗಿಯ ಕಾಲರು ಕಂಡಿತು. ನಡುವೆ, ಕಣ್ಣು ಮೂಗು ಬಾಯಿ ಇರಬೇಕಾದಲ್ಲಿ, ಎಲ್ಲ ಒಂದರೊಳಗೊಂದು ಮುದುಡಿಕೊಂಡಿತ್ತು. ಹತ್ತಿರ ಹೋದೆ, ತಲೆ ಓರೆ ಮಾಡಿದೆ, ಆದರೂ ಸಿಗಲಿಲ್ಲ. ಈ ಮುಖವನ್ನು ಹಲಗೆಯಾಚೆ ದಿನಾ ಕಂಡಿದ್ದೆ, ಒಮ್ಮೆಯೂ ನಿಂತು ನೋಡಿರಲಿಲ್ಲ. ನನ್ನ ನೋಟವೆಲ್ಲ ಅಂಚಿನ ಮೇಲಿತ್ತು. ಈಗ ಅದನ್ನು ಒಂದೇ ಒಂದು ಸಲ ಸರಿಯಾಗಿ ನೋಡಬೇಕೆಂದು ನನ್ನ ಜೀವ ಒದ್ದಾಡಿತು.

"ಏನೋ ಮಾಡ್ತಿದ್ದೀಯ? ನಗ್ತಿದ್ದೀಯಾ?" ಎಂದೆ.

ಅವನ ತಲೆ ಅಲುಗಿದಂತೆ ಕಂಡಿತು, ಅಷ್ಟೆ.

"ಬಾಯಿ ಬಿಟ್ಟು ಹೇಳೋ. ನನಗೆ ನಿನ್ನ ಮುಖ ಕಾಣಲ್ಲ. ಇನ್ಮೇಲೆ ನೀನು ಹೇಳದೆ ಇದ್ರೆ ನನಗೇನೂ ತಿಳಿಯಲ್ಲ."

"ಅಳ್ತಿದ್ದೀನಿ," ಎಂದ. ಟವಲಿನಿಂದ ಮುಖ ಒರೆಸಿಕೊಂಡು, "ಆದ್ರೂ ಬರಲ್ಲ. ಆ ಷೆಡ್ಡಲ್ಲಿ ನಿನ್ನ ಎದುರು ನಿಂತು ಹಲಗೆ ಎತ್ತೋಕೆ ನನ್ನ ಕೈಲಾಗಲ್ಲ ಕಣೋ," ಎಂದ.

ನಾನು ಕೈಚಾಚಿ ಅವನ ಮೊಣಕೈ ಹಿಡಿದುಕೊಂಡೆ. ಮರದ ಹೊಟ್ಟು ಅಂಟಿತ್ತು, ಯಂತ್ರ ಉದುರಿಸಿದ ನುಣ್ಣನೆಯ ಹೊಟ್ಟು. ಅವನು ಬಿಡಿಸಿಕೊಳ್ಳಲಿಲ್ಲ. ಹಾಗೇ ಕುಳಿತಿದ್ದೆವು. ಮತ್ತೆ ಗಂಟೆ ಬಾರಿಸಿದಾಗ ಅವನು ಎದ್ದ.

"ನಾಳೆಯೂ ಬರ್ತೀನಿ, ಊಟದ ಹೊತ್ತಿಗೆ," ಎಂದೆ. "ಬೇಡ ಅಂದ್ರೆ ಈಗಲೇ ಹೇಳಿಬಿಡು."

ಕಿವಿಗೊಟ್ಟು ಕಾದೆ. ಅವನು ಬೇಡ ಎನ್ನಲಿಲ್ಲ. ಹೆಜ್ಜೆಗಳು ಗೇಟಿನ ತನಕ ಹೋದವು, ಅಲ್ಲಿ ನಿಂತವು, ಆಮೇಲೆ ಒಳಗೆ ಹೋದವು.